ಪುಕ್ಕಟೆ ಸೂಪರ್‌ಹೀರೋಗಳಲ್ಲಿ ಯಾರ ಸಹವಾಸ ವಾಸಿ?

ಬೇಸಿಗೆ ರಜೆಗೆ ಬಂದ ಅಕ್ಕನ ಮಗ ನನ್ನ ಕಂಪ್ಯೂಟರ್ ಮುಂದೆ ಕೂತು, "ಮಾಮ, ಇದರಲ್ಲಿ ಆಡೋಕೆ ಏನಿದೆ?" ಎಂದ. ಸೂಪರ್‌ಮ್ಯಾನ್, ಬ್ಯಾಟ್‌ಮನ್ ಇರುವ ಡಿಸಿ ಕಾಮಿಕ್ಸ್ ಲೋಕದ ಆಟ ಡಿಸಿ ಯೂನಿವರ್ಸ್ ಆನ್‌ಲೈನ್ ತೆಗೆದು ಕೊಟ್ಟೆ. ಹತ್ತು ನಿಮಿಷ ಆಡಿದ. "ಗ್ರಾಫಿಕ್ಸ್ ಯಾಕೆ ಹಿಂಗಿದೆ? ಮಾರ್ವೆಲ್ ರೈವಲ್ಸ್ ಇದಕ್ಕಿಂತ ಸಾವಿರ ಪಾಲು ವಾಸಿ" ಎಂದು ತೀರ್ಪು ಕೊಟ್ಟು ಎದ್ದೇಬಿಟ್ಟ.

ನನಗೆ ರೇಗಿತು. 2011ರ ಜನವರಿಯಲ್ಲಿ ಬಂದ ಆಟವನ್ನು 2024ರ ಡಿಸೆಂಬರಿನಲ್ಲಿ ಬಂದ ಆಟದ ಪಕ್ಕ ನಿಲ್ಲಿಸಿ ಬಣ್ಣ ನೋಡುವುದು ಯಾವ ನ್ಯಾಯ ಅಂತ. ಆಮೇಲೆ ಯೋಚಿಸಿದರೆ ಸಿಟ್ಟಿಗೆ ಕಾರಣ ವಯಸ್ಸೂ ಅಲ್ಲ, ಬಣ್ಣವೂ ಅಲ್ಲ. ಎರಡೂ ಸೂಪರ್‌ಹೀರೋ ಆಟ, ಎರಡೂ ಪುಕ್ಕಟೆ, ನಿಜ. ಆದರೆ ಎರಡೂ ಕೊಡುತ್ತೇವೆ ಎನ್ನುವ ಸರಕೇ ಬೇರೆ. ಕಬಡ್ಡಿಯಲ್ಲಿ ಸಿಕ್ಸರ್ ಇಲ್ಲ ಎಂದು ದೂರಿದರೆ ಕಬಡ್ಡಿ ಏನು ಮಾಡಬೇಕು?

ಈ ಹತ್ತು ಹನ್ನೆರಡು ವರ್ಷದಲ್ಲಿ ಇಂಥ ನಾಲ್ಕು ಆಟಗಳನ್ನು ಆಡಿದ್ದೇನೆ. ನಾನು ಹಾಕಿಕೊಂಡ ಕಟ್ಟಳೆ ಒಂದೇ: ಮೊದಲ ತಿಂಗಳು ಒಂದು ರೂಪಾಯಿಯನ್ನೂ ಬಿಚ್ಚುವುದಿಲ್ಲ. ಜಾತ್ರೆಗೆ ಹೋಗುವುದಕ್ಕೆ ಟಿಕೆಟ್ ಇಲ್ಲ, ತೊಟ್ಟಿಲು ಹತ್ತುವುದಕ್ಕೆ ಇದೆ. ಅದಕ್ಕೆ ಯಾರೂ ಬೇಜಾರಾಗುವುದಿಲ್ಲ. ತೊಟ್ಟಿಲು ಹತ್ತದೆ ಸುಮ್ಮನೆ ಸುತ್ತಿದವನಿಗೂ ಜಾತ್ರೆ ನೋಡಿದ ಹಾಗಾಯಿತೇ ಅನ್ನುವುದು ಪ್ರಶ್ನೆ.

ಮೊದಲು ಚಾಂಪಿಯನ್ಸ್ ಆನ್‌ಲೈನ್. ಸಿಟಿ ಆಫ್ ಹೀರೋಸ್ ಎಂಬ ಹಳೆಯ ಸೂಪರ್‌ಹೀರೋ ಆಟ ಕಟ್ಟಿದ ಕ್ರಿಪ್ಟಿಕ್ ಸ್ಟುಡಿಯೋಸ್‌ನವರೇ 2009ರಲ್ಲಿ ಇದನ್ನು ತಂದರು, 2011ರ ಜನವರಿಯಲ್ಲಿ ಪುಕ್ಕಟೆ ಮಾಡಿದರು. ಅದಕ್ಕೂ ಮೊದಲು ಅವರು ಮೈಕ್ರೋಸಾಫ್ಟ್ ಜೊತೆ ಸೇರಿ ಮಾರ್ವೆಲ್‌ನವರ ಆಟ ಮಾಡಲು ಹೊರಟಿದ್ದರು. ಅದು 2008ರಲ್ಲಿ ನಿಂತುಹೋಯಿತು. ಆಗ ಚಾಂಪಿಯನ್ಸ್ ಎಂಬ ಹಳೆಯ ಮೇಜಿನ ಮೇಲಿನ ಆಟದ ಹಕ್ಕು ಕೊಂಡು ಕೆಲಸ ಮುಂದುವರಿಸಿದರು. ಹಾಗಾಗಿ ಇಲ್ಲಿ ಸೂಪರ್‌ಮ್ಯಾನೂ ಇಲ್ಲ, ಸ್ಪೈಡರ್‌ಮ್ಯಾನೂ ಇಲ್ಲ. ಡೆಟ್ರಾಯಿಟ್ ನೆಲಸಮವಾದ ಜಾಗದಲ್ಲಿ ಎದ್ದ ಮಿಲೇನಿಯಂ ಸಿಟಿ ಎಂಬ ಊರು, ಹೆಸರು ಕೇಳಿರದ ಖಳರು. ಅವರ ಪೈಕಿ ಫಾಕ್ಸ್‌ಬ್ಯಾಟ್ ಎಂಬೊಬ್ಬ ಪಿಂಗ್‌ಪಾಂಗ್ ಚೆಂಡು ಹಾರಿಸುವ ಬಂದೂಕು ಹಿಡಿದು ಬರುತ್ತಾನೆ. ಲೋಕವೇ ಒಂದು ಕಾಮಿಕ್ ಪುಸ್ತಕ ಎಂದು ಅವನ ನಂಬಿಕೆ. ಅವನಿಗೋಸ್ಕರವಾದರೂ ಒಮ್ಮೆ ಆಡಬೇಕು.

ಇದರ ಜೀವ ಇರುವುದು ವೇಷದಲ್ಲಿ. ಮೂರು ಸಂಜೆ ನಾನು ಹೊಡೆದಾಟಕ್ಕೇ ಇಳಿಯಲಿಲ್ಲ, ದರ್ಜಿ ಕೆಲಸ ಮಾಡುತ್ತಾ ಕೂತಿದ್ದೆ. ಗರಡಿಮನೆ ಪೈಲ್ವಾನನೊಬ್ಬನನ್ನು ಮಾಡಬೇಕೆಂದು ಆಸೆ. ಭುಜ ಅಗಲ ಮಾಡಿ, ಸೊಂಟ ಇಳಿಸಿ, ಮೈಗೆ ಕೆಮ್ಮಣ್ಣಿನ ಬಣ್ಣ ಬಳಿದು, ಮುಂಗೈಗೆ ಪಟ್ಟಿ ಕಟ್ಟಿ, ಮೀಸೆ ಇಟ್ಟೆ. ಸುತ್ತಲೂ ಕಪ್ಪು ಗೆರೆ ಎಳೆದ ಹಾಗೆ ಕಾಣುವ ಆ ಚಿತ್ರಶೈಲಿಗೆ ಮೀಸೆ ಹೇಳಿ ಮಾಡಿಸಿದಂತಿತ್ತು.

ಆಮೇಲೆ ಶಕ್ತಿ ಆರಿಸುವ ಪುಟ ಬಂತು. ಅಲ್ಲಿ ಬಾಗಿಲು ಹಾಕಿದರು. ಕಾಸು ಕೊಡದವನಿಗೆ ಆರ್ಕಿಟೈಪ್ ಎಂಬ ಸಿದ್ಧ ಅಚ್ಚುಗಳು ಮಾತ್ರ. ಯಾವ ಲೆವೆಲ್ಲಿಗೆ ಯಾವ ಶಕ್ತಿ ಎಂಬುದನ್ನು ಬಹುಪಾಲು ಅವರೇ ಗೊತ್ತುಮಾಡಿಟ್ಟಿರುತ್ತಾರೆ. ಪೈಲ್ವಾನನಿಗೆ ಬೆಹಿಮತ್ ಎಂಬ ಗುದ್ದಾಟದ ಅಚ್ಚು ಸರಿಹೋಯಿತು, ಸುಳ್ಳೇಕೆ. ಆದರೆ ಅವನಿಗೆ ಮನಸ್ಸು ಓದುವ ವಿದ್ಯೆಯನ್ನೋ ಬೆಂಕಿ ಉಗುಳುವ ಬಾಯನ್ನೋ ಸೇರಿಸಬೇಕೆಂದರೆ, ಬೇಕಾದ ಶಕ್ತಿಗಳನ್ನು ಬೆರೆಸಲು ಬಿಡುವ ಫ್ರೀಫಾರ್ಮ್ ಬೇಕು. ನಾನು ಆಡುತ್ತಿದ್ದಾಗ ಅದಕ್ಕೆ ಚಂದಾ ಕಟ್ಟಬೇಕಿತ್ತು, ಇಲ್ಲವೇ ಒಬ್ಬ ವೀರನ ಜಾಗಕ್ಕೆ ಒಳ್ಳೆಯ ದೊಡ್ಡ ಆಟವೊಂದರ ಬೆಲೆ ತೆರಬೇಕಿತ್ತು. "ನಿನ್ನ ಕಲ್ಪನೆಯ ವೀರನನ್ನು ನೀನೇ ಮಾಡಿಕೋ" ಎಂಬುದೇ ಈ ಆಟದ ಮಾತು. ಬಿಟ್ಟಿ ಆಟಗಾರನಿಗೆ ಬಟ್ಟೆ ಮಾತ್ರ ಅವನ ಕಲ್ಪನೆಯದು, ಮುಷ್ಟಿ ಅವರದು. ಹಳತಾಗಿದೆ, ಹೊಡೆದಾಟ ಮಂದ, ಜನ ಕಡಿಮೆ ಎಂದು ಬೈಯುವವರಿದ್ದಾರೆ. ನನ್ನ ತಕರಾರು ಅದಲ್ಲ. ಹೇಳಿದ ಮಾತಿನ ಮೇಲೆಯೇ ಗೋಡೆ ಕಟ್ಟಿದ್ದಾರಲ್ಲ, ಅದು.

ಡಿಸಿ ಯೂನಿವರ್ಸ್ ಆನ್‌ಲೈನ್ ಹೇಳುವ ಮಾತು ಇನ್ನೊಂದು. ನೀನು ಸೂಪರ್‌ಮ್ಯಾನ್ ಅಲ್ಲ, ಸೂಪರ್‌ಮ್ಯಾನ್ ಇರುವ ಊರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವನು. ಬ್ರೇನಿಯಾಕ್ ಎಂಬ ಖಳನ ಆಕಾಶದ ಹಡಗಿನಲ್ಲಿ ಕಣ್ಣು ಬಿಡುತ್ತೀಯ, ತಪ್ಪಿಸಿಕೊಂಡು ಹೊರಗೆ ಬರುತ್ತೀಯ, ಕೊನೆಯಲ್ಲಿ ದೊಡ್ಡವರೇ ಬಂದು ಪಕ್ಕದಲ್ಲಿ ನಿಂತು ಹೊಡೆಯುತ್ತಾರೆ. ಅಲ್ಲಿಂದ ಮುಂದಿನ ದಾರಿ ನೀನು ಆರಿಸಿಕೊಂಡ ಗುರುವಿನ ಮೇಲೆ. ಸೂಪರ್‌ಮ್ಯಾನ್, ಬ್ಯಾಟ್‌ಮನ್, ವಂಡರ್ ವುಮನ್ ಒಂದು ಕಡೆ. ಲೆಕ್ಸ್ ಲೂಥರ್, ಜೋಕರ್, ಸರ್ಸಿ ಇನ್ನೊಂದು ಕಡೆ. ನಾನು ಬ್ಯಾಟ್‌ಮನ್ ಶಿಷ್ಯ. ಈ ಆಟದಲ್ಲಿ ಬ್ಯಾಟ್‌ಮನ್ ಮಾತಾಡುವುದು ಕೆವಿನ್ ಕಾನ್ರಾಯ್ ದನಿಯಲ್ಲಿ, ಜೋಕರ್ ನಗುವುದು ಮಾರ್ಕ್ ಹ್ಯಾಮಿಲ್ ಗಂಟಲಲ್ಲಿ. ಟಿವಿ ಕಾರ್ಟೂನು ನೋಡಿ ಬೆಳೆದವನಿಗೆ ಅದು ಬೆಳಗಿನ ರೇಡಿಯೋದಲ್ಲಿ ಪರಿಚಯದ ದನಿ ಕೇಳಿದ ಹಾಗೆ. ಕಾನ್ರಾಯ್ 2022ರಲ್ಲಿ ತೀರಿಕೊಂಡರು. ಈಗ ಆ ದನಿ ಕೇಳಿದರೆ ಕೈ ಒಂದು ಕ್ಷಣ ಮೌಸಿನ ಮೇಲೆ ಹಾಗೇ ನಿಲ್ಲುತ್ತದೆ.

ಹೊಡೆದಾಟ ಇಲ್ಲಿ ಬೆರಳಿನ ಕೆಲಸ. ಒತ್ತುವುದು, ಒತ್ತಿ ಹಿಡಿಯುವುದು, ಇವೆರಡನ್ನು ಹೇಗೆ ಜೋಡಿಸುತ್ತೀರಿ ಎಂಬುದರ ಮೇಲೆ ಹೊಡೆತ ಬದಲಾಗುತ್ತದೆ. ಅದರ ಕೆಳಗೆ ಕಲ್ಲು-ಕಾಗದ-ಕತ್ತರಿಯಂಥ ಒಂದು ಲೆಕ್ಕ: ನುಗ್ಗಿ ಬರುವವನನ್ನು ತಡೆ ಹಿಡಿದವನು ಉರುಳಿಸುತ್ತಾನೆ, ತಡೆ ಹಿಡಿದವನನ್ನು ಭಾರೀ ಹೊಡೆತ ಒಡೆಯುತ್ತದೆ, ಭಾರೀ ಹೊಡೆತಕ್ಕೆ ಕೈ ಎತ್ತಿದವನನ್ನು ನುಗ್ಗುವವನು ಕೆಡವುತ್ತಾನೆ. ಇದು ತಲೆಗೆ ಹೋಗುವವರೆಗೆ ಆಟ ಬರೀ ಗುಂಡಿ ಗುದ್ದುವುದು. ಹೋದ ಮೇಲೆ ಬೇರೆಯೇ. ಸ್ಕೇರ್‌ಕ್ರೋ ಎಂಬ ಖಳನ ಆಳುಗಳು ಮೈಮೇಲೆ ಬಿದ್ದಾಗ ನಾನು ಮೊದಲ ಎರಡು ದಿನ ಸತ್ತು ಸತ್ತು ಎದ್ದೆ. ಮೂರನೆಯ ದಿನ ಅವರಲ್ಲೊಬ್ಬನ ಕೈ ಮೇಲೆದ್ದದ್ದು ಕಂಡು ಬೆರಳು ತಾನಾಗಿ ತಡೆ ಬಿಟ್ಟು ಮುಂದೆ ನುಗ್ಗಿತು. ನಾನು ಆಡುತ್ತಿದ್ದದ್ದು ಯುರೋಪಿನ ಸರ್ವರಿನಲ್ಲಿ, ಮನೆಯ ಇಂಟರ್ನೆಟ್ಟೋ ಮಳೆ ಬಂದರೆ ಮಲಗುವಂಥದ್ದು. ಆ ವಿಳಂಬದಲ್ಲೂ ಈ ಲೆಕ್ಕ ಕೈಗೆ ಸಿಕ್ಕಿತು ಅನ್ನುವುದು ಆಟದ ಹೆಚ್ಚುಗಾರಿಕೆ.

ಓಡಾಟದ ಸುಖ ಹೇಳದಿದ್ದರೆ ಅನ್ಯಾಯ. ಹಾರುವ ವಿದ್ಯೆ ಎಲ್ಲರೂ ತೆಗೆದುಕೊಳ್ಳುತ್ತಾರೆ. ನಾನು ತೆಗೆದುಕೊಂಡದ್ದು ಓಟ. ಹಗಲಿನ ಮೆಟ್ರೊಪೊಲಿಸ್‌ನಲ್ಲಿ ರಸ್ತೆಯಿಂದ ಹೊರಟು ಎದುರಿಗೆ ಕಟ್ಟಡ ಸಿಕ್ಕರೆ ತಿರುಗುವುದೇ ಬೇಡ. ನೇರ ಗೋಡೆ ಹತ್ತಿ, ಗಾಜಿನ ಮೇಲೆ ಹೆಜ್ಜೆ ಊರುತ್ತಾ ಮೇಲೆ ಹೋಗಿ, ತುದಿಯಿಂದ ಹಾರಿಕೊಳ್ಳುವುದು. ಯಾವ ಕೆಲಸವೂ ಇಲ್ಲದೆ ಅರ್ಧ ಗಂಟೆ ಹೀಗೆ ಕಳೆದ ಸಂಜೆಗಳು ಎಷ್ಟೋ. ದಾರಿಯಲ್ಲಿ ನಿಂತ ಕಾರನ್ನು ಎತ್ತಿ ಶತ್ರುವಿನ ಮೇಲೆ ಎಸೆಯಬಹುದು, ಅದಕ್ಕೂ ಯಾರೂ ಕಾಸು ಕೇಳುವುದಿಲ್ಲ.

ಹಾಗಾದರೆ ಗೋಡೆ ಎಲ್ಲಿ? ಮೂವತ್ತನೆಯ ಲೆವೆಲ್ ಆದಮೇಲೆ. 2011ರ ನವೆಂಬರಿನಲ್ಲಿ ಪುಕ್ಕಟೆಯಾದಾಗ ಮೂರು ದರ್ಜೆ ಮಾಡಿದರು: ಫ್ರೀ, ಐದು ಡಾಲರ್ ಖರ್ಚು ಮಾಡಿದವನಿಗೆ ಪ್ರೀಮಿಯಂ, ತಿಂಗಳ ಚಂದಾದವನಿಗೆ ಲೆಜೆಂಡರಿ. ನಾನು ಆಡುತ್ತಿದ್ದ ಕಾಲದಲ್ಲಿ ಬಿಟ್ಟಿ ಆಟಗಾರನ ಜೇಬಿಗೆ ಮಿತಿ ಇತ್ತು. ಅದಕ್ಕಿಂತ ಹೆಚ್ಚು ದುಡಿದದ್ದೆಲ್ಲ ಎಸ್ಕ್ರೋ ಎಂಬ ತಿಜೋರಿಗೆ ಹೋಗುತ್ತಿತ್ತು. ನಿಮ್ಮದೇ ದುಡ್ಡು, ಲೆಕ್ಕ ಕಾಣುತ್ತದೆ, ತೆಗೆಯುವ ಹಾಗಿಲ್ಲ. ಕೂಡುಕುಟುಂಬದ ಹಿರಿಯರ ಕೈಯಲ್ಲಿ ಸಂಬಳ ಕೊಟ್ಟ ಹಾಗೆ. ಹೊಸ ಎಪಿಸೋಡುಗಳನ್ನು ಬೇರೆ ಮಾರುತ್ತಿದ್ದರು. ಗುಂಪು ಕಟ್ಟಿ ದೊಡ್ಡ ಖಳರನ್ನು ಹೊಡೆಯುವ ರೈಡ್‌ನ ಲೂಟಿ ವಾರಕ್ಕೊಮ್ಮೆ. ಅದೇ ವಾರ ಮತ್ತೊಮ್ಮೆ ಬೇಕೆಂದರೆ ರಿಪ್ಲೇ ಬ್ಯಾಡ್ಜ್ ಕೊಳ್ಳಬೇಕು. ಮೇಲಿನ ಹಂತದಲ್ಲಿ ಪೈಪೋಟಿ ಮಾಡುವವನಿಗೆ ಇದು ಅಪ್ಪಟ ಕಾಟ. ಕೊಲ್ಲುತ್ತಾ ಹೋದಂತೆ ಟೈಮ್ ಕ್ಯಾಪ್ಸೂಲು ಎಂಬ ಬಹುಮಾನದ ಪೆಟ್ಟಿಗೆಗಳು ಉದುರುತ್ತವೆ, ಬಿಚ್ಚುವುದಕ್ಕೆ ಸ್ಟೆಬಿಲೈಸರ್ ಬೇಕು. ಬೀಗ ಬಿಟ್ಟಿ, ಕೀಲಿಗೆ ಕಾಸು.

ಇಷ್ಟೆಲ್ಲ ಬೈದ ಮೇಲೂ ಇದನ್ನೇ ಮೇಲೆ ಇಡುತ್ತೇನೆ. ಹೊಸಬನೊಬ್ಬ ದೊಡ್ಡವರ ನಡುವೆ ನಿಲ್ಲುವ ಕಥೆ ಒಂದರಿಂದ ಮೂವತ್ತರವರೆಗೆ ಇದೆ, ಅದು ಪೂರ್ತಿ ಸಿಕ್ಕಿತು. ಗೋಡೆ ಬಂದದ್ದು ಆ ಕಥೆ ಮುಗಿದ ಮೇಲೆ. ರೈಡ್ ಹುಚ್ಚಿನವರ ಲೆಕ್ಕ ಬೇರೆ ಇರುತ್ತದೆ, ಅವರ ಹತ್ತಿರ ವಾದಕ್ಕೆ ನಿಲ್ಲುವುದಿಲ್ಲ.

ಮಾರ್ವೆಲ್ ಹೀರೋಸ್ ಬಗ್ಗೆ ಬರೆಯುವಾಗ ಕ್ರಿಯಾಪದ ಎಲ್ಲ ಭೂತಕಾಲಕ್ಕೆ ಹೋಗುತ್ತದೆ. ಡಯಾಬ್ಲೊ ಎಂಬ ಹೆಸರಾಂತ ಆಟ ಹುಟ್ಟಿಸಿದವರಲ್ಲಿ ಒಬ್ಬರಾದ ಡೇವಿಡ್ ಬ್ರೆವಿಕ್ ಮುಂದಾಳುತನದಲ್ಲಿ 2013ರ ಜೂನಿನಲ್ಲಿ ಬಂತು. ಮೇಲಿನಿಂದ ನೋಡುವ ನೋಟ, ರಾಶಿ ರಾಶಿ ಶತ್ರುಗಳು, ಉದುರುವ ಸಾಮಾನು. ಇಲ್ಲಿ ವೀರ ನಿಮ್ಮವನಲ್ಲ, ಮಾರ್ವೆಲ್‌ನವರವನೇ. ಮಿಡ್‌ಟೌನ್ ಬೀದಿಗೆ ಕಾಲಿಟ್ಟರೆ ಆರು ಹಲ್ಕ್, ನಾಲ್ಕು ಸ್ಪೈಡರ್‌ಮ್ಯಾನ್, ಅಳಿಲುಗಳ ಸೈನ್ಯ ಕಟ್ಟಿಕೊಂಡ ಸ್ಕ್ವಿರಲ್ ಗರ್ಲ್ ಎಲ್ಲರೂ ಒಬ್ಬನೇ ಖಳನ ಮೇಲೆ ಬೀಳುತ್ತಿದ್ದರು. ವೇಷದ ಸ್ಪರ್ಧೆಗೆ ಬಂದ ಮಕ್ಕಳೆಲ್ಲ ಒಂದೇ ಅಂಗಡಿಯಲ್ಲಿ ಬಟ್ಟೆ ತಂದ ಹಾಗೆ. ಕಥೆ ಎಂಬುದು ಅಲ್ಲಿಗೆ ಸತ್ತಿತು, ಮಜಾ ಮಾತ್ರ ಸಾಯಲಿಲ್ಲ.

ಬಿಟ್ಟಿ ಆಟಗಾರನಿಗೆ ಇಷ್ಟು ಧಾರಾಳವಾದ ಆಟ ನಾನು ಕಂಡಿಲ್ಲ. ಎಟರ್ನಿಟಿ ಸ್ಪ್ಲಿಂಟರ್ ಎಂಬ ಚೂರುಗಳು ಆಡುತ್ತಾ ಇದ್ದರೆ ಆಗಾಗ ಬೀಳುತ್ತಿದ್ದವು. 200ರಿಂದ 600 ಕೂಡಿಸಿದರೆ ಬೇಕಾದ ವೀರ ನಿಮ್ಮವನು. ಮಾರುತ್ತಿದ್ದದ್ದು ಹೆಚ್ಚಾಗಿ ವೇಷ ಮತ್ತು ಸಾಮಾನು ಇಡುವ ಕಪಾಟು. ಕಪಾಟಿನ ಆಸೆಗೆ ನಾನೂ ಕಟ್ಟಳೆ ಮುರಿದೆ, ಒಪ್ಪಿಕೊಳ್ಳುತ್ತೇನೆ. 2017ರ ನವೆಂಬರಿನಲ್ಲಿ ಮಾರ್ವೆಲ್‌ನ ಒಡೆಯರಾದ ಡಿಸ್ನಿ, ಆಟ ನಡೆಸುತ್ತಿದ್ದ ಗಜಿಲಿಯನ್ ಜೊತೆಗಿನ ನಂಟು ಮುಗಿಸಿತು. ವರ್ಷದ ಕೊನೆಯವರೆಗೆ ಇರುತ್ತದೆ ಎಂದವರು ಅದೇ ತಿಂಗಳು ದೀಪ ಆರಿಸಿದರು. ಎರವಲು ವೀರರ ಪಾಡು ಇಷ್ಟೇ: ಒಡೆಯರು ಕೇಳಿದ ದಿನ ವಾಪಸು.

ಇನ್ನು ಅಕ್ಕನ ಮಗನ ಮಾರ್ವೆಲ್ ರೈವಲ್ಸ್. ನೆಟ್‌ಈಸ್‌ನವರದು. ಆರು ಜನರ ವಿರುದ್ಧ ಆರು ಜನ, ಹತ್ತು ಹದಿನೈದು ನಿಮಿಷದ ಪಂದ್ಯ. ಶುರುವಿನಲ್ಲಿ 33 ವೀರರು, ಎಲ್ಲರೂ ಮೊದಲ ದಿನದಿಂದಲೇ ಬಿಟ್ಟಿ. ಕಾಸು ವೇಷಕ್ಕೆ ಮಾತ್ರ. ಆಡುತ್ತಾ ಹೋದಂತೆ ಬಹುಮಾನ ಬಿಚ್ಚಿಕೊಡುವ ಬ್ಯಾಟಲ್ ಪಾಸ್ ಕೊಂಡರೆ ಅದಕ್ಕೂ ಅವಧಿ ಮುಗಿಯುವ ಭಯ ಇಲ್ಲ. ಕಾಸಿನ ವಿಷಯದಲ್ಲಿ ಇದರ ಮೇಲೆ ನನ್ನದು ದೂರಿಲ್ಲ. ಇದು ಕಥೆ ಹೇಳುತ್ತೇನೆ ಎಂದೂ ಅನ್ನಲಿಲ್ಲ, ನಿನ್ನ ವೀರನನ್ನು ಮಾಡಿಕೊಡುತ್ತೇನೆ ಎಂದೂ ಅನ್ನಲಿಲ್ಲ. ಪಂದ್ಯ ಕೊಡುತ್ತೇನೆ ಎಂದಿತು, ಕೊಟ್ಟಿತು.

ಕಾಟ ಇರುವುದು ಜನರಲ್ಲಿ. ಆರರಲ್ಲಿ ನಾಲ್ವರಿಗೆ ಹೊಡೆಯುವ ಡ್ಯುಯಲಿಸ್ಟೇ ಆಗಬೇಕು. ಗಾಯ ಮಾಗಿಸುವ ಕೆಲಸ ನನ್ನಂಥ ವಯಸ್ಸಾದವರ ಪಾಲಿಗೆ. ಒಂದು ಸಂಜೆ ನಾನು ಜೆಫ್ ಎಂಬ ಪುಟ್ಟ ಶಾರ್ಕ್ ಆಗಿ ಎಲ್ಲರ ಮೇಲೆ ನೀರು ಉಗುಳುತ್ತಾ ಓಡಾಡುತ್ತಿದ್ದೆ, ಹಿಂದೆ ನಿಂತ ಹುಡುಗ "ಮಾಮ, ಹೀಲ್ ಮಾಡು, ಹೀಲ್ ಮಾಡು" ಎಂದು ಕಿವಿ ತೂತು ಮಾಡುತ್ತಿದ್ದ. ಜೆಫ್‌ನ ದೊಡ್ಡ ವಿದ್ಯೆ ಎಂದರೆ ನೆಲದಡಿ ಈಜಿ ಬಂದು ಸುತ್ತ ಇದ್ದವರನ್ನೆಲ್ಲ ಒಂದೇ ಗುಟುಕಿಗೆ ನುಂಗುವುದು. ನಾಲ್ವರು ಎದುರಾಳಿಗಳನ್ನು ನುಂಗಿದೆ. "ಅಂಚಿಗೆ ಹೋಗು, ಅಂಚಿಗೆ!" ಎಂದು ಅವನು ಕುಣಿದ. ಹೋಗಿ ಪ್ರಪಾತಕ್ಕೆ ಉಗುಳಿದೆ. ಆ ನಗು ಡಿಸಿಯ ಮೂವತ್ತು ಲೆವೆಲ್ಲಿನಲ್ಲಿ ಒಮ್ಮೆಯೂ ಬಂದಿರಲಿಲ್ಲ, ನ್ಯಾಯವಾಗಿ ಹೇಳಬೇಕಲ್ಲ. ಆದರೆ ಪಂದ್ಯ ಮುಗಿದರೆ ಮುಗಿಯಿತು. ಜೆಫ್ ಎಲ್ಲರಿಗೂ ಒಂದೇ ಜೆಫ್.

ಗೆಳೆಯರ ಜೊತೆ ರಾತ್ರಿ ಒಂದು ಗಂಟೆ ಕಿರುಚಾಡಬೇಕೆಂದರೆ ರೈವಲ್ಸ್. ಒಬ್ಬನೇ ಕೂತು ಒಂದು ತಿಂಗಳು ಇನ್ನೊಂದು ಊರಿನಲ್ಲಿ ಬದುಕಿ ಬರಬೇಕೆಂದರೆ ಡಿಸಿ, ಅದೂ ಮೂವತ್ತಾದ ಮೇಲೆ ಬಿಡುವ ಮನಸ್ಸಿದ್ದರೆ. ಚಾಂಪಿಯನ್ಸ್ ವೇಷದ ಹುಚ್ಚಿನವರಿಗೆ.

ನನ್ನ ಡಿಸ್ಕಿನಲ್ಲಿ ಎರಡಕ್ಕೇ ಜಾಗ ಇದ್ದದ್ದು, ಹಾಗಾಗಿ ಹೋದ ವಾರ ಚಾಂಪಿಯನ್ಸ್ ತೆಗೆದುಹಾಕಿದೆ. ಪೈಲ್ವಾನನ ಒಂದು ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದೇನೆ. ಮೀಸೆ ನಿಜಕ್ಕೂ ಚೆನ್ನಾಗಿ ಬಂದಿತ್ತು.