ಎರಡು ಗೆರೆಗಳ ನಡುವಿನ ಜಾಗ: ಫುಟ್‌ಬಾಲ್ ಮ್ಯಾನೇಜರ್ 2024ರ ಜೊತೆ ಎರಡು ವರ್ಷ

ಫುಟ್‌ಬಾಲ್ ಮ್ಯಾನೇಜರ್ ಎಂದರೆ ನಾವೇ ಒಂದು ತಂಡದ ಮ್ಯಾನೇಜರ್ ಆಗಿ ತಂತ್ರ ರೂಪಿಸುವ ಕಂಪ್ಯೂಟರ್ ಆಟ. ಅದರ ತಂತ್ರದ ಪರದೆ ತೆರೆದರೆ ಹಸಿರು ಮೈದಾನದ ಮೇಲೆ ಹನ್ನೊಂದು ಅಂಗಿಗಳು ಕಾಣುತ್ತವೆ. ಆ ಚಿತ್ರ ನಮ್ಮ ತಂಡ ದಾಳಿ ಮಾಡುವಾಗ ನಿಲ್ಲುವ ರೀತಿ ಎಂದೇ ನಾನು ಮೊದಲ ಕೆಲವು ತಿಂಗಳು ನಂಬಿದ್ದೆ. ವಾಸ್ತವದಲ್ಲಿ ಅದು ಚೆಂಡು ಎದುರಾಳಿಯ ಕಾಲಿನಲ್ಲಿರುವಾಗ ನಾವು ನಿಲ್ಲುವ ರೀತಿ. ಚೆಂಡು ನಮ್ಮದಾದ ಮೇಲೆ ಯಾರು ಎಲ್ಲಿಗೆ ಓಡಬೇಕೆಂಬುದನ್ನು ನಾವು ಕೊಟ್ಟ ಪಾತ್ರಗಳು ತೀರ್ಮಾನಿಸುತ್ತವೆ. ಈ ಒಂದು ಸಂಗತಿ ಮನಸ್ಸಿಗೆ ಇಳಿದ ಮೇಲೆ ಸ್ಪೋರ್ಟ್ಸ್ ಇಂಟರ್‌ಆಕ್ಟಿವ್‌ನ ಈ ಆಟ ನನ್ನ ಪಾಲಿಗೆ ರಕ್ಷಣೆಯ ಆಟವಾಯಿತು.

ನಾನು ಆಯ್ದುಕೊಂಡದ್ದು ಇಂಗ್ಲೆಂಡಿನ ಆರನೇ ದರ್ಜೆಯನ್ನು, ನ್ಯಾಷನಲ್ ಲೀಗ್ ನಾರ್ತ್ ಅನ್ನು. ಅಲ್ಲಿ ಕೈಯಲ್ಲಿ ಹಣವಿರುವುದಿಲ್ಲ, ಒಳ್ಳೆಯ ಡಿಫೆಂಡರ್ ಸಿಗುವುದು ಅಪರೂಪ. ಮೊದಲ ಋತುವಿನಲ್ಲಿ 4-2-3-1 ಆಡಿಸಿದೆ, ಅಂದರೆ ನಾಲ್ವರು ಡಿಫೆಂಡರ್‌ಗಳು, ಅವರ ಮುಂದೆ ಇಬ್ಬರು ಮಿಡ್‌ಫೀಲ್ಡರ್‌ಗಳು, ದಾಳಿಯ ಸಾಲಿನಲ್ಲಿ ಮೂವರು, ತುದಿಯಲ್ಲಿ ಒಬ್ಬ ಸ್ಟ್ರೈಕರ್. ಗೋಲುಗಳು ಬಂದವು, ಆದರೆ ಹೊಡೆದದ್ದಕ್ಕಿಂತ ಬಿಟ್ಟುಕೊಟ್ಟದ್ದು ಹೆಚ್ಚು, ಅದೂ ಬಹುಪಾಲು ಎರಡು ಅಂಚುಗಳಿಂದ. ಎಡ ಫುಲ್‌ಬ್ಯಾಕ್, ಅಂದರೆ ಎಡ ಅಂಚಿನ ಡಿಫೆಂಡರ್, ಕಳಪೆ ಎಂದು ಅವನನ್ನು ಕೂರಿಸಿದೆ. ಅವನ ಜಾಗಕ್ಕೆ ಬಂದವನೂ ಅಷ್ಟೇ ಪರದಾಡಿದ. ಕೊನೆಗೆ ಒಂದು ರಾತ್ರಿ ಮುಖ್ಯಾಂಶಗಳನ್ನು ಬಿಟ್ಟು ಪಂದ್ಯವನ್ನು ಪೂರ್ತಿಯಾಗಿ ನೋಡಿದೆ. ತಪ್ಪು ಫುಲ್‌ಬ್ಯಾಕ್‌ನದಾಗಿರಲಿಲ್ಲ. ಅವನ ಮುಂದೆ ಅದೇ ಅಂಚಿನಲ್ಲಿ ಆಡುವ ವಿಂಗರ್‌ನನ್ನು ನಾನು ದಾಳಿಯ ಸಾಲಿನಲ್ಲಿ ನಿಲ್ಲಿಸಿದ್ದೆ. ಚೆಂಡು ತನ್ನನ್ನು ದಾಟಿ ಹೋದ ಮೇಲೂ ಅವನು ಮೇಲೆಯೇ ಉಳಿಯುತ್ತಿದ್ದ. ಪಾಪದ ಫುಲ್‌ಬ್ಯಾಕ್ ಒಬ್ಬನೇ ಇಬ್ಬರನ್ನು ಎದುರಿಸುತ್ತಿದ್ದ. ಇಬ್ಬರು ವಿಂಗರ್‌ಗಳನ್ನೂ ಒಂದು ಸಾಲು ಕೆಳಗೆ, ಮಧ್ಯ ಮೈದಾನಕ್ಕೆ ಎಳೆದೆ. ಕೂರಿಸಿದ್ದ ಹುಡುಗನನ್ನೇ ಮತ್ತೆ ಆಡಿಸಿದೆ. ಆ ಋತುವಿನ ಉಳಿದ ಪಂದ್ಯಗಳಲ್ಲಿ ಅಂಚಿನಿಂದ ಬರುವ ಕ್ರಾಸ್‌ಗಳು ಕಣ್ಣಿಗೆ ಕಾಣುವಷ್ಟು ಕಡಿಮೆಯಾದವು.

ಅಂಚುಗಳು ಮುಚ್ಚಿಕೊಂಡ ಮೇಲೆ ನಡುವೆ ಬಿರುಕು ಬಿಟ್ಟಿತು. ಆಟದಲ್ಲಿ ನಾವು ನಿಗದಿ ಮಾಡುವ ಗೆರೆಗಳು ಎರಡು. ಡಿಫೆಂಡರ್‌ಗಳು ಎಷ್ಟು ಮೇಲೆ ನಿಲ್ಲಬೇಕೆಂಬುದು ಒಂದು, ಎದುರಾಳಿಯನ್ನು ಎಲ್ಲಿಂದ ಒತ್ತಲು ಶುರು ಮಾಡಬೇಕೆಂಬುದು ಇನ್ನೊಂದು. ನನ್ನ ಸೆಂಟರ್ ಬ್ಯಾಕ್‌ಗಳು, ಅಂದರೆ ನಡುವಿನ ಡಿಫೆಂಡರ್‌ಗಳು, ನಿಧಾನ ಓಟದವರು. ಹಾಗಾಗಿ ಹಿಂದಿನ ಗೆರೆಯನ್ನು ಕೆಳಗಿಳಿಸಿದೆ. ಮುಂದಿನ ಗೆರೆಯನ್ನು ಮಾತ್ರ ಎದುರಾಳಿಯ ಅರ್ಧದಲ್ಲೇ ಒತ್ತುವ ಹೈ ಪ್ರೆಸ್‌ನಲ್ಲೇ ಬಿಟ್ಟೆ, ಎರಡರ ಲಾಭವೂ ಸಿಗುತ್ತದೆ ಎಂಬ ಆಸೆಯಿಂದ. ನಡುವೆ ತೇರು ಎಳೆಯುವಷ್ಟು ಜಾಗ ತೆರೆಯಿತು. ಎದುರಾಳಿಯ ದಾಳಿ ಹೆಣೆಯುವ ಹತ್ತನೇ ನಂಬರಿನವನು ಅಲ್ಲಿ ಆರಾಮವಾಗಿ ಚೆಂಡು ಪಡೆದು, ತಿರುಗಿ, ತಲೆಯೆತ್ತಿ ನೋಡುತ್ತಿದ್ದ. ಎಂಬತ್ತರ ದಶಕದ ಕೊನೆಯಲ್ಲಿ ಇಟಲಿಯ ತರಬೇತುದಾರ ಅರ್ರಿಗೊ ಸಾಕ್ಕಿ ತನ್ನ ಮಿಲಾನ್ ತಂಡಕ್ಕೆ ಕೊನೆಯ ಡಿಫೆಂಡರ್‌ನಿಂದ ಮುಂದಿನ ಸ್ಟ್ರೈಕರ್‌ವರೆಗೆ ಸುಮಾರು 25 ಮೀಟರ್‌ಗಿಂತ ಹೆಚ್ಚು ಅಂತರ ಇರಬಾರದೆಂದು ಕಲಿಸಿದ್ದ. ಆ ತಂಡ 1989 ಮತ್ತು 1990ರಲ್ಲಿ ಯುರೋಪಿಯನ್ ಕಪ್ ಗೆದ್ದಿತು. ಆ 25 ಮೀಟರ್ ಏಕೆ ಬೇಕೆಂದು ನನಗೆ ತಿಳಿದದ್ದು ಈ ಆಟದಲ್ಲಿ ಸೋತು. ಈಗ ಹಿಂದಿನ ಗೆರೆ ಮಧ್ಯಮ, ಮುಂದಿನದು ಮಧ್ಯ ಮೈದಾನದಿಂದ ಒತ್ತುವ ಮಿಡ್ ಬ್ಲಾಕ್. ಒಂದನ್ನು ಸರಿಸಿದರೆ ಇನ್ನೊಂದನ್ನೂ ಸರಿಸುತ್ತೇನೆ.

ಫುಟ್‌ಬಾಲ್ ಅಷ್ಟಾಗಿ ತಿಳಿಯದ ನನ್ನ ಅಕ್ಕನ ಮಗನಿಗೆ ಇದನ್ನು ಕಬಡ್ಡಿಯ ಮೂಲಕ ಹೇಳಿದೆ. ಕೈ ಕೈ ಹಿಡಿದ ಸರಪಳಿಯಲ್ಲಿ ಒಬ್ಬನು ಮಾತ್ರ ಆತುರಪಟ್ಟು ಮುಂದೆ ಹಾರಿದರೆ ರೈಡರ್ ಆ ಸಂದಿಯಲ್ಲೇ ನುಸುಳುತ್ತಾನೆ. ಅವನಿಗೆ ತಕ್ಷಣ ಅರ್ಥವಾಯಿತು. ಸೆಂಟರ್ ಬ್ಯಾಕ್‌ಗಳಲ್ಲಿ ಒಬ್ಬನಿಗೆ ಮುಂದೆ ನುಗ್ಗುವ ಸ್ಟಾಪರ್ ಹೊಣೆ, ಇನ್ನೊಬ್ಬನಿಗೆ ಹಿಂದೆ ಕಾಯುವ ಕವರ್ ಹೊಣೆ ಕೊಟ್ಟು, ಅದರ ಮೇಲೆ ಡಿಫೆಂಡರ್‌ಗಳು ಒಟ್ಟಿಗೆ ಮುಂದೆ ಸರಿದು ಎದುರಾಳಿಯನ್ನು ಆಫ್‌ಸೈಡ್‌ಗೆ ಸಿಲುಕಿಸುವ ಬಲೆಯನ್ನೂ ಹಾಕಿದರೆ ಆಗುವುದೂ ಇದೇ. ಬಲೆಗೆ ನಾಲ್ವರೂ ಒಂದೇ ಗೆರೆಯಲ್ಲಿರಬೇಕು, ಆದರೆ ಆ ಹೊಣೆಗಳು ಗೆರೆಯನ್ನು ಮುರಿಯುತ್ತವೆ. ನಾನು ಇಬ್ಬರಿಗೂ ಬರಿಯ ಡಿಫೆಂಡ್ ಹೊಣೆಯನ್ನೇ ಕೊಡುತ್ತೇನೆ.

ಗೆಲ್ಲುತ್ತಿರುವ ಪಂದ್ಯವನ್ನು ಕಾಪಾಡಿಕೊಳ್ಳುವುದನ್ನು ಕಲಿಯಲು ನನಗೆ ಎಲ್ಲಕ್ಕಿಂತ ಹೆಚ್ಚು ಕಾಲ ಹಿಡಿಯಿತು. 1-0 ಮುಂದಿರುವಾಗ ಎಪ್ಪತ್ತೈದನೇ ನಿಮಿಷಕ್ಕೆ ಮನೋಭಾವವನ್ನು ‘ವೆರಿ ಡಿಫೆನ್ಸಿವ್’ಗೆ ಇಳಿಸುವುದು ನನ್ನ ಅಭ್ಯಾಸವಾಗಿತ್ತು. ಹಾಗೆ ಮಾಡಿದರೆ ಗೆರೆಗಳಷ್ಟೇ ಕೆಳಗಿಳಿಯುವುದಿಲ್ಲ. ಪಾಸ್ ಕೊಡುವ ಧೈರ್ಯವೂ ಆಟದ ವೇಗವೂ ಇಳಿಯುತ್ತವೆ. ನಾವು ಒದ್ದು ಕಳಿಸಿದ ಚೆಂಡು ಅರೆ ನಿಮಿಷದಲ್ಲಿ ಮರಳಿ ನಮ್ಮ ಪೆನಾಲ್ಟಿ ಪೆಟ್ಟಿಗೆಯಲ್ಲೇ ಇರುತ್ತದೆ. ಸಮಬಲದ ಗೋಲು ಬಂದ ಮೇಲೆ ಮೂರನೇ ಸೆಂಟರ್ ಬ್ಯಾಕ್‌ನನ್ನು ಇಳಿಸುತ್ತಿದ್ದೆ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಈಗ ಎಚ್ಚರಿಕೆಯ ‘ಕಾಷಿಯಸ್’ಗಿಂತ ಕೆಳಗೆ ಹೋಗುವುದಿಲ್ಲ. ದಣಿದ ಮಿಡ್‌ಫೀಲ್ಡರ್‌ನನ್ನು ಬದಲಿಸಿ, ನಾಲ್ವರು ಡಿಫೆಂಡರ್‌ಗಳ ಸಾಲಿನ ಮುಂದೆ ಅವರನ್ನು ಕಾಯುವ ಒಬ್ಬ ಆ್ಯಂಕರ್‌ನನ್ನು ನಿಲ್ಲಿಸುತ್ತೇನೆ.

ಆಟಗಾರರನ್ನು ಆರಿಸುವಾಗ ಟ್ಯಾಕ್ಲಿಂಗ್ ಅಂಕದ ಹಿಂದೆ ಬೀಳಬೇಡಿ. 1ರಿಂದ 20ರವರೆಗಿನ ಅಂಕಗಳಲ್ಲಿ ನಾನು ಮೊದಲು ನೋಡುವುದು ಪೊಸಿಷನಿಂಗ್ (ಸರಿಯಾದ ಜಾಗದಲ್ಲಿ ನಿಲ್ಲುವುದು), ಆ್ಯಂಟಿಸಿಪೇಷನ್ (ಮುಂದಾಗುವುದನ್ನು ಊಹಿಸುವುದು) ಮತ್ತು ಕಾನ್ಸಂಟ್ರೇಷನ್ (ಏಕಾಗ್ರತೆ). ಕೊನೆಯ ಹತ್ತು ನಿಮಿಷಗಳ ಗೋಲುಗಳನ್ನು ಹಿಂದಕ್ಕೆ ಓಡಿಸಿ ನೋಡಿದಾಗಲೆಲ್ಲ ಕಾನ್ಸಂಟ್ರೇಷನ್ ಕಡಿಮೆಯಿದ್ದವನೇ ತನ್ನ ಆಟಗಾರನನ್ನು ಬಿಟ್ಟಿರುತ್ತಿದ್ದ. ಕೆಳ ದರ್ಜೆಯಲ್ಲಿ ಉದ್ದನೆಯ ಚೆಂಡುಗಳು ಹೆಚ್ಚು, ಆದ್ದರಿಂದ ಎಷ್ಟು ಎತ್ತರದ ಚೆಂಡನ್ನು ಹಾರಿ ಮುಟ್ಟಬಲ್ಲನೆಂದು ಹೇಳುವ ಜಂಪಿಂಗ್ ರೀಚ್ ಕೂಡ ಬೇಕು. ಕಾರ್ನರ್, ಫ್ರೀ ಕಿಕ್‌ಗಳಂಥ ಸೆಟ್ ಪೀಸ್‌ಗಳ ವಿಭಾಗವನ್ನು 2024ರ ಆವೃತ್ತಿಯಲ್ಲಿ ಹೊಸದಾಗಿ ಕಟ್ಟಿದ್ದಾರೆ. ಅದಕ್ಕೆಂದೇ ಒಬ್ಬ ತರಬೇತುದಾರನನ್ನು ನೇಮಿಸಿಕೊಳ್ಳಬಹುದು, ಆ ಸಂಬಳ ವ್ಯರ್ಥವಲ್ಲ.

2025ರ ಆವೃತ್ತಿ ರದ್ದಾಯಿತು. 2026ರದು ಚೆಂಡು ಇರುವಾಗ ಮತ್ತು ಇಲ್ಲದಿರುವಾಗ ಎರಡು ಬೇರೆ ಬೇರೆ ವ್ಯೂಹ ರಚಿಸಲು ಬಿಡುತ್ತದೆ. ನಾನು ತಿಂಗಳುಗಟ್ಟಲೆ ತಡಕಾಡಿದ್ದನ್ನು ಹೊಸಬರು ಮೊದಲ ದಿನವೇ ಪರದೆಯಲ್ಲಿ ನೋಡುತ್ತಾರೆ. ಇದು ನಿಜಕ್ಕೂ ಸಂತೋಷದ ವಿಷಯ. ಹೊಸದಾಗಿ ಕೊಳ್ಳುವವರು ಅದನ್ನೇ ಕೊಳ್ಳಲಿ. ಬಳಿಯಲ್ಲಿ 2024 ಇದ್ದವರು ಒಂದು ಪಂದ್ಯವನ್ನಾದರೂ ಪೂರ್ತಿಯಾಗಿ ನೋಡಿ, ಗೋಲು ಬಿದ್ದಾಗ ಹತ್ತು ಸೆಕೆಂಡ್ ಹಿಂದೆ ಹೋಗಿ ಎರಡು ಗೆರೆಗಳ ನಡುವೆ ಯಾರಿದ್ದರೆಂದು ಎಣಿಸಲಿ.

ನಾನು ಸದ್ಯಕ್ಕೆ ಹಳೆಯದನ್ನು ಬಿಡುತ್ತಿಲ್ಲ. ತಂಡ ಈಗ ನಾಲ್ಕನೇ ದರ್ಜೆಯಾದ ಲೀಗ್ ಟೂನಲ್ಲಿದೆ. ಆರನೇ ದರ್ಜೆಯಿಂದ ಜೊತೆಗಿರುವ ಸೆಂಟರ್ ಬ್ಯಾಕ್‌ಗೆ 34 ವರ್ಷ, ವೇಗ 6ಕ್ಕೆ ಇಳಿದಿದೆ, ಪೊಸಿಷನಿಂಗ್ ಇನ್ನೂ 14 ಇದೆ. ಅವನ ಕೊನೆಯ ಋತುವನ್ನು ಮುಗಿಸಿಕೊಡಬೇಕು.