ಡೋರ್ ಪ್ಯಾಡ್ ಬಿಚ್ಚುವ ಸೆಟ್: ಸಕಲೇಶಪುರದ ಪದ್ಮಿನಿ ಕಾರಿಗೂ ಅರಸೀಕೆರೆಯ ಪದ್ಮಿನಿಗೂ ಒಂದೇ ಸಾಕೇ?

ಕಾರಿನ ಬಾಗಿಲ ಒಳಹೊದಿಕೆಯನ್ನು (ಡೋರ್ ಪ್ಯಾಡ್) ಬಿಚ್ಚುವುದಕ್ಕೆ ಐದು ಪ್ಲಾಸ್ಟಿಕ್ ತುಂಡು, ಜೊತೆಗೆ ಕ್ಲಿಪ್ ಕೀಳುವ ಒಂದು ಕಬ್ಬಿಣದ ಇಕ್ಕುಳ. ಆನ್‌ಲೈನಿನಲ್ಲಿ ಹತ್ತಾರು ಹೆಸರುಗಳಲ್ಲಿ ಸಿಗುವ ಈ ಸೆಟ್ಟನ್ನು ಹಳೆಯ ಕಾರು ಇಟ್ಟುಕೊಂಡವರು ಕೊಳ್ಳಬಹುದೇ? ಕೊಳ್ಳಬಹುದು. ಆದರೆ ಆರರಲ್ಲಿ ಕೆಲಸಕ್ಕೆ ಬರುವುದು ಮೂರೇ. ಆ ಮೂರರಲ್ಲಿ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕು ಎಂಬುದು ಕಾರಿನ ಮಾಡೆಲ್‌ಗಿಂತ ಅದು ಇಷ್ಟು ವರ್ಷ ಯಾವ ಊರಿನಲ್ಲಿ ನಿಂತಿತ್ತು ಎಂಬುದರ ಮೇಲೆ ಹೋಗುತ್ತದೆ.

ಪ್ರೀಮಿಯರ್ ಪದ್ಮಿನಿ ತಯಾರಿ ನಿಂತು ಎರಡು ದಶಕ ದಾಟಿದೆ. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಅಂಬಾಸಿಡರ್ ತಯಾರಿ 2014ರಲ್ಲಿ ನಿಂತಿತು. ಈ ಕಾರುಗಳ ಬಾಗಿಲ ಒಳಗಿನ ಪ್ಯಾಡ್ ಎಂದರೆ ಹೆಚ್ಚುಕಡಿಮೆ 3 ಮಿ.ಮೀ. ಹಾರ್ಡ್‌ಬೋರ್ಡ್, ಅದರ ಮೇಲೆ ರೆಕ್ಸಿನ್, ಹಿಂದೆ ಸ್ಪ್ರಿಂಗ್ ತಂತಿಯ ಕ್ಲಿಪ್‌ಗಳು. ಹಾರ್ಡ್‌ಬೋರ್ಡ್ ಒತ್ತಿ ಮಾಡಿದ ಮರದ ನಾರು, ನೀರು ಕಂಡರೆ ಹೀರುತ್ತದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಗಿಲೊಳಗೆ ಇಳಿದ ನೀರು ಈ ಬೋರ್ಡಿನ ಕೆಳ ಅಂಚನ್ನು ಹಪ್ಪಳದ ಹಿಟ್ಟಿನಷ್ಟು ಮೆತ್ತಗೆ ಮಾಡಿರುತ್ತದೆ, ಕ್ಲಿಪ್ ತುಕ್ಕು ಹಿಡಿದು ಬಾಗಿಲ ತಗಡಿಗೆ ಕಚ್ಚಿಕೊಂಡಿರುತ್ತದೆ. ಅರಸೀಕೆರೆ, ಕಡೂರಿನ ಬಿಸಿಲಲ್ಲಿ ನಿಂತ ಕಾರಿನದು ತದ್ವಿರುದ್ಧ. ಕ್ಲಿಪ್ ಸಲೀಸಾಗಿ ಬರುತ್ತದೆ, ಆದರೆ ರೆಕ್ಸಿನ್ ಕುಗ್ಗಿ ಬೋರ್ಡನ್ನು ಬಿಲ್ಲಿನಂತೆ ಬಾಗಿಸಿರುತ್ತದೆ. ಪ್ಲಾಸ್ಟಿಕ್ ಭಾಗವೇನಾದರೂ ಇದ್ದರೆ ಮುಟ್ಟಿದ ಕೂಡಲೇ ಸಿಡಿಯುತ್ತದೆ.

ಈಗ ಸೆಟ್ಟಿಗೆ ಬರೋಣ.

ಅಗಲ ಬಾಯಿಯ, ಉಳಿಯಂಥ ತುಂಡು ಚೆನ್ನಾಗಿದೆ. ಬಾಯಿ ತೆಳ್ಳಗಿದ್ದು ಪ್ಯಾಡ್ ಮತ್ತು ತಗಡಿನ ನಡುವೆ ನುಸುಳುತ್ತದೆ, ಪೇಂಟ್ ಗೀರುವುದಿಲ್ಲ. ಕ್ಲಿಪ್ ಎಲ್ಲೆಲ್ಲಿದೆ ಎಂದು ಹುಡುಕುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ: ಕೆಳ ಅಂಚಿನಲ್ಲಿ ತೂರಿಸಿ ಪಕ್ಕಕ್ಕೆ ಮೆಲ್ಲಗೆ ಸರಿಸುತ್ತಾ ಹೋದರೆ ಕ್ಲಿಪ್ ಇದ್ದಲ್ಲಿ ತಡೆಯುತ್ತದೆ. ಅಲ್ಲೊಂದು ಮಾಸ್ಕಿಂಗ್ ಟೇಪ್ ಗುರುತು ಹಾಕಿ. ಎತ್ತುವುದಕ್ಕೆ ಮಾತ್ರ ಇದನ್ನು ಬಳಸಬೇಡಿ. ಎರಡು ಕ್ಲಿಪ್ ನಡುವೆ ಎತ್ತಿದರೆ ಬಲವೆಲ್ಲ ಬೋರ್ಡಿನ ತೂತಿನ ಮೇಲೆ ಬಿದ್ದು, ಕ್ಲಿಪ್ ಬಾಗಿಲಲ್ಲೇ ಉಳಿದು ಬೋರ್ಡ್ ಹರಿದು ಕೈಗೆ ಬರುತ್ತದೆ. ಹಳೆಯ ಡೋರ್ ಪ್ಯಾಡ್ ಹಾಳಾಗುವುದು ಬಹುಪಾಲು ಹೀಗೆಯೇ.

ಕವಲು ಬಾಯಿಯ ಪ್ಲಾಸ್ಟಿಕ್ ತುಂಡು ಕ್ಲಿಪ್ಪಿನ ಕತ್ತನ್ನು ಎರಡೂ ಕಡೆಯಿಂದ ಹಿಡಿದು ಎತ್ತುವುದಕ್ಕೆ. ಬಯಲುಸೀಮೆಯ ಕಾರಿಗೆ ಇದು ಸಾಕು. ಮಲೆನಾಡಿನ ಕಾರಿಗೆ ಸಾಲದು. ತುಕ್ಕು ಹಿಡಿದ ತಂತಿ ಕ್ಲಿಪ್ಪಿಗೆ ಹಾಕಿ ಒತ್ತಿದರೆ ಕವಲಿನ ಒಂದು ಕಾಲು ಬಾಗುತ್ತದೆ, ಒಮ್ಮೆ ಬಾಗಿದ್ದು ಮತ್ತೆ ನೆಟ್ಟಗಾಗುವುದಿಲ್ಲ. ಕೊಳ್ಳುವಾಗ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ. ಮೆತ್ತಗೆ ಬಳುಕಿದರೆ ಬೇಡ, ಗಟ್ಟಿ ನೈಲಾನಿನದು ಬೇರೆ ಸೆಟ್ಟಿನಲ್ಲಿ ಸಿಗುತ್ತದೆ.

ಕಬ್ಬಿಣದ ಇಕ್ಕುಳವೇ ಈ ಸೆಟ್ಟಿನ ಜೀವ. ಎರಡು ದವಡೆ ಕ್ಲಿಪ್ಪಿನ ಕತ್ತಿನ ಸುತ್ತ ಕೂತು, ಹಿಡಿ ಒತ್ತಿದಾಗ ಒಂದು ತಗಡಿನ ಮೇಲೆ ಊರಿ ಇನ್ನೊಂದು ಬೋರ್ಡನ್ನು ಎತ್ತುತ್ತದೆ. ಸನ್ನೆಯಂತೆ ಒಂದೇ ಕಡೆಯಿಂದ ಎಬ್ಬುವುದಿಲ್ಲ, ಹಾಗಾಗಿ ಕ್ಲಿಪ್ ನೇರವಾಗಿ ಹೊರಬರುತ್ತದೆ, ತೂತು ಅಗಲವಾಗುವುದಿಲ್ಲ. ಕಚ್ಚಿಕೊಂಡ ಕ್ಲಿಪ್ಪನ್ನೂ ಇದು ಬಿಡಿಸುತ್ತದೆ. ಕೊರತೆ ಒಂದೇ: ಊರುವ ದವಡೆ ಪೇಂಟಿನ ಮೇಲೆ ಗುರುತು ಬಿಡುತ್ತದೆ. ಹಳೆಯ ಫ್ಲೆಕ್ಸ್ ಬ್ಯಾನರಿನ ತುಂಡನ್ನು ಎರಡು ಮಡಿಕೆ ಮಾಡಿ ಅಡಿಗಿಟ್ಟುಕೊಳ್ಳಿ. ಇಕ್ಕುಳ ಬಿಡಿಯಾಗಿ ಸಿಕ್ಕರೆ ಅದೊಂದನ್ನೇ ತಂದು, ಜೊತೆಗೆ ಪೇಂಟ್ ಅಂಗಡಿಯ ಅಗಲದ ಪುಟ್ಟಿ ಬ್ಲೇಡಿಗೆ ಟೇಪ್ ಸುತ್ತಿಕೊಂಡರೂ ಮುಕ್ಕಾಲು ಕೆಲಸ ನಡೆಯುತ್ತದೆ.

ಉಳಿದ ಮೂರು, ಅಂದರೆ ಚಮಚದಂತೆ ಬಾಗಿದ್ದು, ಸಣ್ಣ ಚೂಪಿನದು, ಕೊಕ್ಕೆ, ಇವು ಹೊಸ ಕಾರಿನ ಡ್ಯಾಶ್‌ಬೋರ್ಡ್, ಸ್ಟೀರಿಯೋಗಾಗಿ ಮಾಡಿದವು. ಪದ್ಮಿನಿ, ಅಂಬಾಸಿಡರ್‌ಗೆ ಅವುಗಳ ಉಪಯೋಗವಿಲ್ಲ. ಮಾರುತಿ 800ರ ಪ್ಲಾಸ್ಟಿಕ್ ಭಾಗಗಳಿಗೆ ಚೂಪಿನದು ಅಷ್ಟಿಷ್ಟು ಆದೀತು.

ಸೆಟ್ಟಿನಲ್ಲಿ ಇಲ್ಲದ, ಆದರೆ ಮೊದಲು ಬೇಕಾದ ಸಾಧನ ಗ್ಲಾಸ್ ಹ್ಯಾಂಡಲ್ ಬಿಚ್ಚುವುದು. ಹ್ಯಾಂಡಲ್ ತೆಗೆಯದೆ ಪ್ಯಾಡ್ ಎಳೆಯಲು ಹೋಗಬೇಡಿ. ಮೊದಲು ಗಾಜನ್ನು ಪೂರ್ತಿ ಏರಿಸಿ, ಹ್ಯಾಂಡಲ್ ಯಾವ ದಿಕ್ಕಿಗೆ ನಿಂತಿದೆ ಎಂದು ಫೋಟೋ ತೆಗೆದುಕೊಳ್ಳಿ. ನಡುವೆ ಸ್ಕ್ರೂ ಕಂಡರೆ ಸುಲಭ. ಕಾಣದಿದ್ದರೆ ಹ್ಯಾಂಡಲ್ ಹಿಂದಿನ ಬಿಲ್ಲೆಯನ್ನು ಬಾಗಿಲ ಕಡೆಗೆ ಒತ್ತಿ ನೋಡಿ. ಸ್ಪ್ರಿಂಗಿನಂತೆ ಒಳಗೆ ಹೋದರೆ ಒಳಗೊಂದು ಅಡ್ಡ ಪಿನ್ ಇರುತ್ತದೆ, ಬಿಲ್ಲೆಯನ್ನು ಒತ್ತಿಹಿಡಿದು 3 ಮಿ.ಮೀ. ಪಂಚಿನಿಂದ ಪಿನ್ನನ್ನು ಹೊರದೂಡಿ. ಪಿನ್ ಬಿದ್ದರೆ ಸೀಟಿನ ಸಂದಿಯೊಳಗೆ ಹೋಗಿಬಿಡುತ್ತದೆ, ಕೆಳಗೆ ಬಟ್ಟೆ ಹಾಸಿ. ಬಿಲ್ಲೆ ಒಳಗೆ ಹೋಗದಿದ್ದರೆ ಕುದುರೆ ಲಾಳದ ಆಕಾರದ ಕ್ಲಿಪ್ ಇರಬಹುದು. ಮಾರುತಿ 800ರಲ್ಲಿ ಇರುವುದು ಅದೇ. ಹ್ಯಾಂಡಲ್ ಮತ್ತು ವಾಷರ್ ನಡುವೆ ಬಟ್ಟೆಯ ಪಟ್ಟಿ ತೂರಿಸಿ, ಬೂಟು ಪಾಲಿಶ್ ಮಾಡುವಂತೆ ಅತ್ತಿತ್ತ ಎಳೆಯಿರಿ. ಬಟ್ಟೆ ಕ್ಲಿಪ್ಪಿನ ತುದಿಗೆ ಸಿಕ್ಕಿ ಅದನ್ನು ಹಾರಿಸುತ್ತದೆ, ಅಡ್ಡ ಕೈ ಹಿಡಿದಿರಿ. ಆಮೇಲೆ ಆರ್ಮ್‌ರೆಸ್ಟ್ ಸ್ಕ್ರೂ, ಲಾಕ್ ಗುಂಡಿ, ಒಳ ಹ್ಯಾಂಡಲ್.

ಹೊತ್ತಿನ ಬಗ್ಗೆ ಒಂದು ಮಾತು. ಡಿಸೆಂಬರ್, ಜನವರಿಯ ಚಿಕ್ಕಮಗಳೂರಿನ ಚಳಿಯಲ್ಲಿ ಬೆಳಿಗ್ಗೆ ಏಳಕ್ಕೆ ಈ ಕೆಲಸಕ್ಕೆ ಕೂರಬೇಡಿ. ತಣ್ಣಗಾದ ಹಳೆಯ ರೆಕ್ಸಿನ್, ಪ್ಲಾಸ್ಟಿಕ್ ಎರಡೂ ಬಿರುಕು ಬಿಡುತ್ತವೆ. ಬಾಗಿಲು ತೆರೆದು ಅರ್ಧ ಗಂಟೆ ಬಿಸಿಲಿಗೆ ನಿಲ್ಲಿಸಿ, ಇಲ್ಲವೇ ಹೇರ್ ಡ್ರೈಯರ್‌ನಿಂದ ಅಂಚನ್ನು ಬೆಚ್ಚಗೆ ಮಾಡಿ.

ಕ್ಲಿಪ್ ಕೀಳುವುದನ್ನು ಕೆಳಗಿನ ಮೂಲೆಯಿಂದ ಶುರು ಮಾಡಿ ಪಕ್ಕದ ಅಂಚುಗಳಿಗೆ ಹೋಗಿ, ಮೇಲಂಚನ್ನು ಕೊನೆಗೆ ಬಿಡಿ. ಬೋರ್ಡ್ ಉಬ್ಬಿ ಪದರ ಪದರವಾಗಿದ್ದರೆ ಅದನ್ನು ಉಳಿಸುವ ಆಸೆ ಬಿಟ್ಟು, ಒಟ್ಟಾರೆ ಆಕಾರ ಕೆಡದಂತೆ ತೆಗೆಯಿರಿ, ಹೊಸದನ್ನು ಕತ್ತರಿಸಲು ಅದೇ ಅಚ್ಚು. ತುಕ್ಕಿನ ಎಣ್ಣೆ ಹಾಕುವುದಾದರೆ ಸ್ಟ್ರಾ ತುದಿಯಿಂದ ಕ್ಲಿಪ್ ತೂತಿಗೇ ಒಂದೆರಡು ಹನಿ, ಹದಿನೈದು ನಿಮಿಷ ಬಿಡಿ. ರೆಕ್ಸಿನ್ ಮೇಲೆ ಹರಿದರೆ ಕಲೆ ಬೀಳುತ್ತದೆ, ಮುಂದೆ ಅಂಟೂ ಹಿಡಿಯದು. ತುಂಡಾಗಿ ಬಾಗಿಲೊಳಗೆ ಬಿದ್ದ ಕ್ಲಿಪ್ಪನ್ನು ಮ್ಯಾಗ್ನೆಟ್ ಕಡ್ಡಿಯಿಂದ ತೆಗೆದುಬಿಡಿ. ಅಲ್ಲೇ ಬಿಟ್ಟರೆ ಸದ್ದು ಮಾಡುತ್ತದೆ, ನೀರು ಹೋಗುವ ತೂತಿಗೂ ಅಡ್ಡ ಬರುತ್ತದೆ.

ಆ ತೂತುಗಳೇ ಈ ಕೆಲಸದ ಮುಖ್ಯ ಜಾಗ. ಬಾಗಿಲೊಳಗೆ ನೀರು ಬರುವುದು ತಪ್ಪಲ್ಲ. ಗಾಜಿನ ಬೀಡಿಂಗ್ ಎಷ್ಟೇ ಚೆನ್ನಾಗಿದ್ದರೂ ಒಂದಿಷ್ಟು ನೀರು ಗಾಜಿನ ಗುಂಟ ಇಳಿಯುತ್ತದೆ. ಇಳಿದದ್ದು ತಳದ ತೂತುಗಳಿಂದ ಹೊರಹೋಗಲಿ ಎಂದೇ ಬಾಗಿಲನ್ನು ಮಾಡಿರುತ್ತಾರೆ. ತೋಟದ ಶೆಡ್ಡಿನಲ್ಲಿ ನಿಂತ ಕಾರಿನಲ್ಲಿ ಕುಂಬಾರ ಹುಳ ಮಣ್ಣು ಮೆತ್ತಿ, ತರಗೆಲೆ ಕೊಳೆತು ಆ ತೂತು ಮುಚ್ಚಿರುತ್ತದೆ. ನೀರು ನಿಂತು ತಳ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹೊರಗೆ ಪೇಂಟ್ ಗುಳ್ಳೆ ಎದ್ದು ಕಾಣುವ ಹೊತ್ತಿಗೆ ಒಳಗೆ ತಗಡು ಜರಡಿಯಾಗಿರುತ್ತದೆ. ಪ್ಯಾಡ್ ಬಿಚ್ಚಿದ ಮೇಲೆ ತೂತಿನಲ್ಲಿ ತಂತಿ ಆಡಿಸಿ, ಕಸ ತೆಗೆದು, ಎರಡು ದಿನ ಒಣಗಿಸಿ, ತುಕ್ಕು ಉಜ್ಜಿ, ಒಳ ತಳಕ್ಕೆ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ) ಹೊಡೆದು, ತೂತು ಮತ್ತೆ ಮುಚ್ಚಿಲ್ಲವೆಂದು ನೋಡಿಕೊಳ್ಳಿ. ಗಾಜನ್ನು ಏರಿಸಿ ಇಳಿಸುವ ಗ್ಲಾಸ್ ಮೆಷಿನ್ ಬಿಚ್ಚುವುದಾದರೆ ಮೊದಲು ಗಾಜಿಗೆ ಮರದ ಬೆಣೆ ಕೊಟ್ಟು ಮೇಲಿನ ಚೌಕಟ್ಟಿಗೆ ಟೇಪ್ ಅಂಟಿಸಿ. ಆಸರೆಯಿಲ್ಲದ ಗಾಜು ಬೋಲ್ಟ್ ಸಡಿಲವಾದ ಕೂಡಲೇ ಧೊಪ್ಪನೆ ಇಳಿಯುತ್ತದೆ. ಮೆಷಿನ್ ಹಲ್ಲಿಗೆ ಗ್ರೀಸ್ ಸರಿ. ಗಾಜು ಓಡುವ ಫೆಲ್ಟಿಗೆ ಬೇಡ, ದೂಳು ಹಿಡಿದು ಗಾಜನ್ನು ಗೀರುತ್ತದೆ, ಅಲ್ಲಿಗೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ತಗಡಿನ ಒಳ ಅಂಚುಗಳು ಬ್ಲೇಡಿನಂತಿರುತ್ತವೆ, ಗ್ಲೌಸ್ ಇಲ್ಲದೆ ಕೈ ಹಾಕಬೇಡಿ.

ಪ್ಯಾಡ್ ಹಾಕುವ ಮುನ್ನ, ತಗಡಿಗೂ ಪ್ಯಾಡಿಗೂ ನಡುವೆ ನೀರು ತಡೆಯುವ ಪ್ಲಾಸ್ಟಿಕ್ ಹಾಳೆ. ಕುಶನ್ ಅಂಗಡಿಗಳಲ್ಲಿ ಕೆಲವರು ಹರಿದ ಹಳೆಯ ಹಾಳೆಯನ್ನು ಕಿತ್ತು ಬಿಸಾಕಿ ಹೊಸ ಪ್ಯಾಡ್ ಹಾಕಿ ಕಳಿಸುತ್ತಾರೆ. ಹೊಸ ಪ್ಯಾಡ್ ಎರಡೇ ಮಳೆಗಾಲಕ್ಕೆ ಉಬ್ಬುವುದಕ್ಕೆ ಇದೇ ಕಾರಣ. 600 ಗೇಜಿನ, ಅಂದರೆ 150 ಮೈಕ್ರಾನಿನ ಪಾಲಿಥೀನ್ ಸಾಕು. ಮೂರು ಕಡೆ ಬ್ಯೂಟೈಲ್ ಟೇಪಿನಿಂದ (ಮೆತ್ತನೆಯ ಜಿಗುಟು ರಬ್ಬರ್ ಪಟ್ಟಿ) ಅಂಟಿಸಿ. ಕೆಳ ಅಂಚನ್ನು ಬಾಗಿಲ ತಗಡಿನ ಕಿಂಡಿಯೊಳಗೆ ಇಳಿಬಿಡಿ, ಆಗ ಹಾಳೆಯ ಮೇಲೆ ಬಿದ್ದ ನೀರು ಪ್ಯಾಡಿಗೆ ತಾಗದೆ ಬಾಗಿಲೊಳಗೇ ಇಳಿಯುತ್ತದೆ. ಕೆಳ ಅಂಚು ಹೊರಗುಳಿದರೆ ಇಡೀ ಹಾಳೆ ವ್ಯರ್ಥ.

ಹೊಸ ಬೋರ್ಡನ್ನು ಹಾರ್ಡ್‌ಬೋರ್ಡಿನಲ್ಲೇ ಮಾಡಿಸುವುದಾದರೆ ಅಂಚಿಗೂ ಪ್ರತಿ ಕ್ಲಿಪ್ ತೂತಿನ ಒಳಗೋಡೆಗೂ ಎರಡು ಕೋಟ್ ವಾರ್ನಿಶ್ ಕೊಡಿ, ಬೋರ್ಡ್ ನೀರು ಹೀರುವುದು ಮುಖಕ್ಕಿಂತ ಅಂಚಿನಿಂದಲೇ ಹೆಚ್ಚು. ಮಲೆನಾಡಿನ ಕಾರಿಗೆ 3 ಮಿ.ಮೀ. ಎಬಿಎಸ್ ಪ್ಲಾಸ್ಟಿಕ್ ಹಾಳೆ ಇನ್ನೂ ಒಳ್ಳೆಯದು. ಮೂಲದಂತೆಯೇ ಇರಬೇಕು ಎನ್ನುವವರು ಒಪ್ಪಲಿಕ್ಕಿಲ್ಲ, ಆದರೆ ರೆಕ್ಸಿನ್ ಹಿಂದೆ ಅದು ಯಾರಿಗೂ ಕಾಣದು. ರೆಕ್ಸಿನ್ ಅಂಟಿಸಲು ಬಿಳಿ ಮರದ ಅಂಟು ಬೇಡ, ತೇವಕ್ಕೆ ಬಿಟ್ಟುಕೊಡುತ್ತದೆ. ಫೆವಿಕಾಲ್ ಎಸ್‌ಆರ್ 998ನಂಥ ರಬ್ಬರ್ ಅಂಟನ್ನು ಎರಡೂ ಮುಖಕ್ಕೆ ತೆಳುವಾಗಿ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಿ. ಆಷಾಢದ ಜಡಿಮಳೆಯಲ್ಲಿ ಈ ಕೆಲಸ ಮಾಡಿಸಬೇಡಿ. ಅಂಟು ಆರುವಾಗ ಗಾಳಿಯ ತೇವ ಅದರ ಮೇಲೆ ಕೂತು ಹಿಡಿತ ಹೋಗುತ್ತದೆ.

ಹೊಸ ಕ್ಲಿಪ್ಪಿನ ವಿಷಯ. ಹಾಸನ, ಚಿಕ್ಕಮಗಳೂರಿನ ಸ್ಪೇರ್ಸ್ ಅಂಗಡಿಗಳಲ್ಲಿ ಮಾರುತಿಯದು ಸಿಗುವಷ್ಟು ಸುಲಭವಾಗಿ ಪದ್ಮಿನಿಯದು ಸಿಗದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕುವುದಾದರೆ ಹಳೆಯ ಕ್ಲಿಪ್ ಒಂದು ಜೇಬಿನಲ್ಲಿರಲಿ, ಬಾಗಿಲ ತೂತಿನ ಅಳತೆ ವರ್ನಿಯರ್‌ನಲ್ಲಿ ತೆಗೆದು ಬರೆದುಕೊಂಡಿರಿ. ಒಂದೇ ಬಾಗಿಲಲ್ಲಿ ಎರಡು ಅಳತೆಯ ತೂತು ಕಂಡರೆ ಯಾರೋ ಹಿಂದೆ ಕೊರೆದಿರಬಹುದು, ಎರಡನ್ನೂ ಬರೆದುಕೊಳ್ಳಿ. ಎಣಿಸಿ, ಬಾಗಿಲಿಗೆ ಮೂರು ಹೆಚ್ಚಿಗೆ ತನ್ನಿ.

ಮೇಲ್ಛಾವಣಿಯ ಲೈನಿಂಗ್‌ಗೆ ಈ ಸೆಟ್ ಹಚ್ಚಲೇಬೇಡಿ. ಹಳೆಯ ಕಾರಿನ ಲೈನಿಂಗ್ ಬಟ್ಟೆ ಕಮಾನಿನಂಥ ತಂತಿಗಳಿಗೆ ನೇತುಬಿದ್ದಿರುತ್ತದೆ, ಅಂಚಿಗೆ ಅಂಟು. ಪ್ಲಾಸ್ಟಿಕ್ ಸನ್ನೆಯಿಂದ ಎಬ್ಬಿದರೆ ಬಟ್ಟೆ ಸೀಳುತ್ತದೆ. ಅಂಚನ್ನು ಬೆಚ್ಚಗೆ ಮಾಡಿ ಬೆರಳಲ್ಲಿ ಬಿಡಿಸಬೇಕು. ತಂತಿಗಳಿಗೆ ಮುಂದಿನಿಂದ ಹಿಂದಕ್ಕೆ 1, 2, 3 ಎಂದು ಟೇಪ್ ಅಂಟಿಸಿ. ಒಂದೊಂದರ ಬಾಗು ಬೇರೆ, ಅದಲುಬದಲಾದರೆ ಲೈನಿಂಗ್ ಎಂದೂ ಬಿಗಿಯಾಗಿ ಕೂರದು.

ಎಲ್ಲ ಹಾಕಿದ ಮೇಲೆ ಗ್ಲಾಸ್ ಹ್ಯಾಂಡಲ್ ಕೂಡಿಸುವ ಮೊದಲೇ ಗಾಜಿನ ಮೇಲೆ ಎರಡು ಚೊಂಬು ನೀರು ಸುರಿದು ನೋಡಿ. ಬಾಗಿಲ ತಳದ ಪ್ರತಿ ತೂತಿನಿಂದಲೂ ನೀರು ತೊಟ್ಟಿಕ್ಕಬೇಕು. ಒಂದರಿಂದ ಬರದಿದ್ದರೆ ಪ್ಯಾಡನ್ನು ಆಗಲೇ ಬಿಚ್ಚಿ. ಹೊಸ ಕ್ಲಿಪ್ ಇಕ್ಕುಳಕ್ಕೆ ಸುಲಭವಾಗಿ ಬರುತ್ತದೆ.