ಚಾಕೊಲೇಟ್ ಗುರಾಮಿಯೋ, ಲಿಕೋರಿಸ್ ಗುರಾಮಿಯೋ: ಎರಡನ್ನೂ ಸಾಕಿ ನೋಡಿದ ಮೇಲೆ

ಕಪ್ಪು ನೀರಿನ ಗುರಾಮಿ ಮೀನು ಸಾಕಬೇಕು ಅನ್ನುವ ಹುಚ್ಚು ಹಿಡಿದಾಗ ನಾನು ಮೊದಲು ತಂದದ್ದು ಚಾಕೊಲೇಟ್. ವರ್ಷದ ನಂತರ ಲಿಕೋರಿಸ್ ತಂದೆ. ಕೆಲವು ತಿಂಗಳು ಎರಡೂ ಅಕ್ಕಪಕ್ಕದ ಟ್ಯಾಂಕ್‌ಗಳಲ್ಲಿದ್ದವು. ಈಗ ನನ್ನ ಹತ್ತಿರ ಇರುವುದು ಒಂದೇ.

ನೀರಿನ ವಿಷಯದಲ್ಲಿ ಇಬ್ಬರ ಹಟವೂ ಒಂದೇ. ಎರಡೂ ಮಲಯ ಪರ್ಯಾಯದ್ವೀಪ, ಸುಮಾತ್ರಾ, ಬೋರ್ನಿಯೊ ಕಡೆಯ ಜೌಗು ಕಾಡಿನ ಮೀನುಗಳು. ಎಲೆ, ಬೇರು ಕೊಳೆತು ಅಲ್ಲಿನ ನೀರು ಹಾಲು ಹಾಕದ ಟೀ ಬಣ್ಣಕ್ಕೆ ತಿರುಗಿರುತ್ತದೆ. ಖನಿಜ ಇಲ್ಲವೆಂದೇ ಹೇಳಬೇಕು. ಪಿಎಚ್ ಎಷ್ಟೋ ಕಡೆ 4ರ ಆಸುಪಾಸು. ನಾನು ನಲ್ಲಿ ನೀರಿಗೆ ಸುಮ್ನೆ ಒಂದಷ್ಟು ಒಣಗಿದ ಕಾಡು ಬಾದಾಮಿ ಎಲೆ ಹಾಕಿ ಕೆಲಸ ಮುಗಿಯಿತು ಅಂದುಕೊಂಡೆ. ನೀರೇನೋ ಚೆನ್ನಾಗಿ ಕಂದಾಯಿತು, ಆದರೆ ಪಿಎಚ್ 7.5ರಿಂದ ಕದಲಲಿಲ್ಲ. ಗಡಸು ನೀರಿನ ಕಾರ್ಬೊನೇಟ್ ಎಲೆಯ ಹುಳಿಯನ್ನೆಲ್ಲ ನುಂಗಿಬಿಡುತ್ತದೆ. ಇದು ತಿಳಿಯುವ ಹೊತ್ತಿಗೆ ಆರರಲ್ಲಿ ಎರಡು ಚಾಕೊಲೇಟ್ ಹೋಗಿದ್ದವು. ಆರ್‌ಒ ನೀರಿಗೆ ಅದೇ ಎಲೆ, ಜೊತೆಗೆ ಒಂದು ಹಿಡಿ ಪೀಟ್ (ಜೌಗಿನಲ್ಲಿ ಅರೆಬರೆ ಕೊಳೆತ ಸಸ್ಯದ ಪುಡಿ) ಹಾಕಿದ ಮೇಲೆ ಪಿಎಚ್ 5ರ ಹತ್ತಿರ ಬಂತು.

ನೋಡಲು ಚಾಕೊಲೇಟ್‌ಗೇ ನನ್ನ ಓಟು. 5 ಸೆಂ.ಮೀ. ಉದ್ದದ, ಬಿದ್ದ ಎಲೆಯಂಥ ಮೈ, ಅದರ ಮೇಲೆ ತೆಳು ಬಿಳಿ ಪಟ್ಟೆ, ನಿಧಾನದ ನಡೆ. ಆದರೆ ಇದಕ್ಕೆ ಗುಂಪು ಬೇಕು, ಗುಂಪಿಗೆ ದೊಡ್ಡ ಟ್ಯಾಂಕ್ ಬೇಕು. ನೀರು ಸ್ವಲ್ಪ ಕೆಟ್ಟರೂ ಮೈಮೇಲೆ ಧೂಳು ಉದುರಿಸಿದಂತೆ ಕಾಣುವ ಪರೋಪಜೀವಿ ರೋಗ ಹಿಡಿಯುತ್ತದೆ.

ಮರಿ ಮಾಡುವ ರೀತಿಯಂತೂ ಪೂರ್ತಿ ಬೇರೆ. ಚಾಕೊಲೇಟ್ ಹೆಣ್ಣು ಮೊಟ್ಟೆಗಳನ್ನು ಬಾಯಲ್ಲಿ ಇಟ್ಟುಕೊಳ್ಳುತ್ತದೆ. ಗಂಟಲು ಉಬ್ಬಿರುತ್ತದೆ, ಎಲ್ಲೋ ಮೂಲೆ ಸೇರಿ ಸುಮಾರು ಎರಡು ವಾರ ಹಾಗೇ ಇರುತ್ತದೆ. ನನ್ನ ಹೆಣ್ಣು ಮೂರು ಸಲ ಹೀಗೆ ಮೊಟ್ಟೆ ಹೊತ್ತಿತು. ಒಮ್ಮೆ ನಾನು ಟ್ಯಾಂಕ್‌ಗೆ ಕೈ ಹಾಕಿದ್ದಕ್ಕೆ, ಇನ್ನೊಮ್ಮೆ ಕಾರಣವೇ ಇಲ್ಲದೆ ಎಲ್ಲವನ್ನೂ ನುಂಗಿಬಿಟ್ಟಿತು. ಮೂರನೇ ಸಲ ಹನ್ನೊಂದು ಮರಿ ಹೊರಬಂದವು. ಒಂದು ಮಾತು ಒಪ್ಪಬೇಕು: ಆ ಮರಿಗಳು ಮೊದಲ ದಿನವೇ ಮೊಟ್ಟೆಯಿಂದ ಆಗಷ್ಟೇ ಒಡೆದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸಿಗಡಿ) ತಿಂದವು. ಸಾಕುವುದು ಸುಲಭ, ಅಲ್ಲಿಯವರೆಗೆ ಕಾಯುವುದೇ ಕಷ್ಟ.

ಲಿಕೋರಿಸ್ 3–4 ಸೆಂ.ಮೀ. ಮೀನು. ಒಂದು ಜೋಡಿಗೆ 20 ಲೀಟರ್ ಧಾರಾಳ. ತಂದ ದಿನ ಕಂದು ಗೆರೆಯ ಕಡ್ಡಿಯಂತಿದ್ದವು. ಇದಕ್ಕಾ ಇಷ್ಟು ಒದ್ದಾಡಿದ್ದು ಅನ್ನಿಸಿತು. ಒಣ ಆಹಾರ ಮುಟ್ಟಲೇ ಇಲ್ಲ. ಚಾಕೊಲೇಟ್ ತಿಂಗಳಲ್ಲಿ ಫ್ರೋಜನ್ ಆಹಾರಕ್ಕೆ ಒಗ್ಗಿತ್ತು, ಇವಕ್ಕೆ ಇವತ್ತಿಗೂ ಕದಲುವ ಹುಳುವೇ ಆಗಬೇಕು. ದಿನಾ ಆರ್ಟೀಮಿಯಾ ಒಡೆಸಲು ಬೇಜಾರು ಅನ್ನುವವರು ಇದರ ತಂಟೆಗೆ ಹೋಗಬೇಡಿ.

ಐದನೇ ವಾರ ಗಂಡು ರೆಕ್ಕೆ ಬಿಚ್ಚಿತು ನೋಡಿ! ಅಂಚಿಗೆ ಹೊಳೆಯುವ ನೀಲಿ, ಒಳಗೆ ಕೆಂಪು. ಎಲೆ ಕೆಳಗೆ ಇಟ್ಟಿದ್ದ ಕಪ್ಪು ಪ್ಲಾಸ್ಟಿಕ್ ಕೊಳವೆಯ ಚಾವಣಿಗೆ ನಾಲ್ಕೈದು ಗುಳ್ಳೆ ಅಂಟಿಸಿತು, ಅದೇ ಅದರ ಗೂಡು. ಮೊಟ್ಟೆ ತೇಲುವುದಿಲ್ಲ, ಕೆಳಗೆ ಬೀಳುತ್ತದೆ. ಬಿದ್ದ ಒಂದೊಂದನ್ನೂ ಗಂಡು ಬಾಯಲ್ಲಿ ಎತ್ತಿ ಮೇಲೆ ಸಿಕ್ಕಿಸುತ್ತದೆ. ಮರಿ ಈಜುವವರೆಗೆ, ಅಂದರೆ ಸುಮಾರು ಒಂದು ವಾರ, ಇದೇ ಕೆಲಸ. ನಾನು ಟಾರ್ಚ್ ಹಾಕಿ ಇಣುಕಿದರೂ ಜಾಗ ಬಿಡಲಿಲ್ಲ. ಮೊದಲ ಗೂಡಿನ ಮೊಟ್ಟೆಗೆ ಬೂಷ್ಟು ಬಂತು, ನೀರಿನ ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) ಜಾಸ್ತಿ ಇತ್ತು. ಎರಡನೆಯದರಲ್ಲಿ ಹತ್ತೊಂಬತ್ತು ಮರಿ ಉಳಿದವು. ಕಣ್ಣಿಗೆ ಕಾಣದಷ್ಟು ಚಿಕ್ಕವು, ಹಾಗಾಗಿ ಮೊದಲ ಕೆಲವು ದಿನ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿ ಕೊಟ್ಟೆ.

ಲಿಕೋರಿಸ್ ಕೊಳ್ಳುವಾಗ ಒಂದು ಎಚ್ಚರಿಕೆ. ಅಂಗಡಿಯ ತೊಟ್ಟಿ ಮೇಲೆ ಹೆಚ್ಚಾಗಿ ‘ಡೈಸ್ನೆರಿ’ ಅಂತ ಬರೆದಿರುತ್ತದೆ. ಪ್ಯಾರೊಸ್ಫ್ರೊಮೆನಸ್ ಅನ್ನುವುದು ಲಿಕೋರಿಸ್‌ಗಳ ವೈಜ್ಞಾನಿಕ ಹೆಸರು; ನಿಜವಾದ ಪ್ಯಾರೊಸ್ಫ್ರೊಮೆನಸ್ ಡೈಸ್ನೆರಿ ಸಿಗುವುದು ಇಂಡೋನೇಷ್ಯಾದ ಬಂಕಾ ದ್ವೀಪದಲ್ಲಿ. ಡಚ್ ಮೀನುತಜ್ಞ ಬ್ಲೀಕರ್ 1859ರಲ್ಲಿ ವಿವರಿಸಿದ್ದು ಅದನ್ನೇ. ಆ ಹೆಸರಲ್ಲಿ ಮಾರುವವು ಬಹುತೇಕ ಬೇರೆ ಜಾತಿಗಳು, ಹೆಣ್ಣುಗಳನ್ನು ಗುರುತಿಸುವುದಂತೂ ಪರಿಣತರಿಗೂ ಕಷ್ಟ. ಹಾಗಾಗಿ ಎರಡು ಕಡೆಯ ಮೀನು ಬೆರೆಸಬೇಡಿ. ಜೌಗು ಕಾಡುಗಳು ತಾಳೆ ಎಣ್ಣೆ ತೋಟಗಳಾಗುತ್ತಿರುವಾಗ ಕಲಬೆರಕೆ ಮರಿ ಮಾಡಿ ಯಾರಿಗೇನು ಉಪಯೋಗ, ಅಲ್ವಾ?

ದೊಡ್ಡ ಟ್ಯಾಂಕ್, ತಾಳ್ಮೆ ಎರಡೂ ಇದ್ದರೆ ಚಾಕೊಲೇಟ್ ಸಾಕಿ. ನಾನು ನನ್ನವನ್ನು ಅಂಥ ಒಬ್ಬ ಗೆಳೆಯನಿಗೆ ಕೊಟ್ಟೆ. ಖಾಲಿಯಾದ ಆ ಟ್ಯಾಂಕ್‌ನಲ್ಲಿ ಈಗ ಹತ್ತೊಂಬತ್ತು ಕಂದು ಕಡ್ಡಿಗಳಿವೆ. ಗಂಡು ಯಾವುದು, ಹೆಣ್ಣು ಯಾವುದು ಅಂತ ದಿನಾ ಸಂಜೆ ಟಾರ್ಚ್ ಹಿಡಿದು ಕೂರುತ್ತೇನೆ.